ಒಹಾಯೊಕ್ಕೆ ಹೋಗಿ ಬಂದ ಮಗ್ಗದ ಕಲ್ಲು

ಕಮತಗಿ

ನಾನು ಅಮೆರಿಕಕ್ಕೆ ಹೋದದ್ದು ಹೆಂಡತಿಯ ಮಗ್ಗ ಹೊರಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕರೆ ಬಂದದ್ದು ನನಗೇ ಎಂದು ಊರಲ್ಲಿ ಬೇರೆ ಸುದ್ದಿ ಓಡಾಡುತ್ತಿತ್ತು. ಅದನ್ನು ಹಬ್ಬಿಸಿದವನು ನಾನೇ ಎಂಬುದೂ ನಿಜ.

ಒಹಾಯೊ ಎಂಬ ರಾಜ್ಯದ ಒಂದು ಸಣ್ಣ ಊರಲ್ಲಿ ಕೈಮಗ್ಗದವರ ಮೇಳವಿತ್ತು. ಅಲ್ಲಿಯ ನೋರಾ ಎಂಬ ಹೆಂಗಸು ಹಿಂದೊಮ್ಮೆ ಬಾದಾಮಿ ನೋಡಲು ಬಂದವಳು ನಮ್ಮ ಮನೆಗೂ ಬಂದು, ನನ್ನ ಹೆಂಡತಿ ಗಿರಿಜಾ ಇಳಕಲ್ ಸೀರೆ ನೇಯುವುದನ್ನು ಅರ್ಧ ದಿನ ನೋಡುತ್ತ ಕೂತಿದ್ದಳು. ಅವಳೇ ಈಗ ಕರೆ ಕಳಿಸಿದ್ದು. ಕಾಗದದಲ್ಲಿ ಗಿರಿಜಾಳ ಹೆಸರಿನ ಮುಂದೆ ‘ಕಲಾವಿದೆ’ ಎಂದು ಬರೆದಿತ್ತು. ನನ್ನ ಹೆಸರಿನ ಮುಂದೆ ‘ಸಹಾಯಕ’ ಎಂದಿತ್ತು. ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿ, ಸಾವಿರಾರು ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದವನು ಸಹಾಯಕ. ನಾನು ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ.

ಹೊರಡುವ ಮೊದಲು ಒಂದು ತಲೆನೋವು ಗಂಟುಬಿದ್ದಿತ್ತು. ನಮ್ಮ ಕಡೆ ತೆರಬಂಡಿ ಎಂಬ ಪಂದ್ಯ ನಡೆಯುತ್ತದೆ. ಬಂಡಿಯ ಗಾಲಿ ತಿರುಗದಂತೆ ಬಿಗಿದು, ಅದನ್ನು ಜೋಡಿ ಎತ್ತುಗಳು ಒಂದು ನಿಮಿಷದಲ್ಲಿ ಎಷ್ಟು ದೂರ ಜಗ್ಗುತ್ತವೆ ಎಂದು ಅಳೆಯುವುದು. ಅಳೆಯುವ ಟೇಪು ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಈ ಸಲ ಗಿರಿಜಾಳ ತಮ್ಮ, ಕೆರೂರಿನ ಮಲ್ಲಪ್ಪನ ಎತ್ತುಗಳು ಹಿಂದೆ ಯಾವ ಜೋಡಿಯೂ ಜಗ್ಗದಷ್ಟು ದೂರ ಜಗ್ಗಿದವು. ಅಂಥವರ ಹೆಸರನ್ನು ಹನುಮಪ್ಪನ ಗುಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು ಪದ್ಧತಿ. ಪೇಂಟರ್ ಡಬ್ಬಿ ತೆರೆಯುವಷ್ಟರಲ್ಲಿ ಕೆರೂರ ಸಂತೆಯಲ್ಲಿ ಯಾರೋ ಬಾಯಿಬಿಟ್ಟರು: ಪಂದ್ಯದ ಮೊದಲು ಎತ್ತುಗಳಿಗೆ ಸ್ಟಿರಾಯ್ಡ್ ಸೂಜಿ ಹಾಕಿಸಲಾಗಿತ್ತು.

ಮಲ್ಲಪ್ಪ ಇಲ್ಲ ಎನ್ನಲಿಲ್ಲ. ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ವಾದಕ್ಕಿಳಿದ.

“ಮಾಮಾ, ಸೂಜಿ ಏನ್ ಬಂಡಿ ಜಗ್ತದ? ಜಗ್ಗಿದ್ದು ಎತ್ತು. ಬ್ಯಾರೆಯವರು ತತ್ತಿ ಕುಡಸ್ತಾರ, ತುಪ್ಪಾ ಕುಡಸ್ತಾರ, ಒಬ್ಬಾಂವ ಬಾಟ್ಲಿನ ಕುಡಿಸಿದ್ದ. ನಾ ಸೂಜಿ ಹಾಕಸಿನಿ. ಫರಕ ಏನೈತ್ರಿ?”

“ಫರಕ ಐತಿ.”

“ಏನೈತಿ ಹೇಳ್ರಿ.”

ನನಗೆ ತಟ್ಟನೆ ಹೊಳೆಯಲಿಲ್ಲ, ಅದಕ್ಕೇ ಸಿಟ್ಟು ಬಂತು. ಊರ ಹಿರಿಯರು ಮಾತ್ರ ಆರಾಮವಾಗಿ, “ಮಾಸ್ತರ್ರ, ಟೇಪ್ ಹಿಡದಾವ್ರು ನೀವು. ಹೆಸರು ಬರಸೂದೋ ಬಿಡೂದೋ ನೀವ ಹೇಳ್ರಿ” ಎಂದು ಕೈತೊಳೆದುಕೊಂಡರು. ಬರೆಸಿದರೆ ಟೇಪಿನ ಮರ್ಯಾದೆ ಹೋಗುತ್ತದೆ. ಬಿಟ್ಟರೆ ಹೆಂಡತಿಯ ತವರು ಹೋಗುತ್ತದೆ. ಅಮೆರಿಕದಿಂದ ಬಂದು ಹೇಳುತ್ತೇನೆ ಎಂದೆ. ವಿಚಿತ್ರವೆಂದರೆ ಗಿರಿಜಾ ತಮ್ಮನ ಪರವಾಗಿ ಒಂದು ಮಾತೂ ಆಡಲಿಲ್ಲ. ಸುಮ್ಮನೆ ಮಗ್ಗದಲ್ಲಿ ಲಾಳಿ ಆಡಿಸುತ್ತಿದ್ದಳು.

ಅದೇ ಗೋಡೆಯ ಮೇಲೆ ನನ್ನ ಹೆಸರೂ ಇದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಗುಡಿಯ ಮುಂದಿನ ಸಂಗ್ರಾಣಿ ಕಲ್ಲನ್ನು, ಅಂದರೆ ಗಟ್ಟಿಗರು ಪಂದ್ಯ ಕಟ್ಟಿ ಎತ್ತುವ ದೊಡ್ಡ ಕಲ್ಲನ್ನು, ಹೆಗಲಿಗೇರಿಸಿದವನು ನಾನು. ಪಂದ್ಯ ನೋಡಲು ಬಂದಿದ್ದ ಗಿರಿಜಾಳ ಅಪ್ಪ ಅವತ್ತೇ ನನಗೆ ಮಗಳನ್ನು ಕೊಡುವುದೆಂದು ತೀರ್ಮಾನಿಸಿದರು. ಅಂಥ ಗೋಡೆಯ ಮೇಲೆ ಸೂಜಿಯ ಎತ್ತುಗಳೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕಲ್ಲಿನ ಬಗ್ಗೆ ಇನ್ನೊಂದು ಸಣ್ಣ ಸಂಗತಿ ಇದೆ. ಅದು ಮುಂದೆ ಬರುತ್ತದೆ. ಬರದಿದ್ದರೆ ನನಗೆ ಒಳ್ಳೆಯದಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣ

ನಮ್ಮ ದೊಡ್ಡ ಚೀಲವನ್ನು ಯಂತ್ರದಲ್ಲಿ ಹಾಯಿಸಿದ ಅಧಿಕಾರಿ ಅದನ್ನು ಪಕ್ಕಕ್ಕೆ ಎಳೆಸಿದ. ಬಿಚ್ಚಿಸಿದ. ಬಿಚ್ಚಿದ ಮಗ್ಗದ ಕಟ್ಟಿಗೆ, ನೂಲಿನ ಉಂಡೆ, ಅಮೀನಗಡದ ಕರದಂಟಿನ ಎಂಟು ಡಬ್ಬಿ, ಅವುಗಳ ಕೆಳಗೆ ನನ್ನ ಹಳೆಯ ಟವೆಲಿನಲ್ಲಿ ಸುತ್ತಿದ ತೆಂಗಿನಕಾಯಿ ಗಾತ್ರದ ಒಂದು ಕರಿಕಲ್ಲು.

“ಏನಿದು?”

“ಕಲ್ಲು,” ಎಂದೆ.

“ಕಲ್ಲು ಅಂತ ಕಾಣ್ತಿದೆ. ಯಾಕೆ?”

ಗಿರಿಜಾ ಮುಂದೆ ಬಂದು ವಿವರಿಸಿದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಸಡಿಲವಾಗಬಾರದು. ಹಗ್ಗದ ತುದಿಗೆ ಈ ಕಲ್ಲನ್ನು ಕಟ್ಟಿ ತೂಗುಬಿಟ್ಟರೆ ಎಳೆ ಬಿಗಿಯಾಗಿ ನಿಲ್ಲುತ್ತದೆ.

“ಅಮೆರಿಕದಲ್ಲಿ ಕಲ್ಲು ಸಿಗಲ್ವಾ ಅಮ್ಮ?”

“ಸಿಗಬೌದ್ರಿ. ಆದ್ರ ಕೈಗೆ ರೂಢಿ ಇದ್ದ ಕಲ್ಲ ಬೇಕ್ರಿ. ಇದು ನಮ್ಮ ಮನ್ಯಾಗ ಮೂವತ್ತೈದು ವರ್ಷ ತೂಗೇತಿ.”

ಮನೆಯಲ್ಲೇ ನಾನು ಮೂರು ಸಲ ಹೇಳಿದ್ದೆ, ಬೇಡ, ಅಲ್ಲಿ ಒಂದು ಮರಳಿನ ಚೀಲ ಕಟ್ಟಿಕೊಂಡರಾಯಿತು ಎಂದು. ಕೇಳಲಿಲ್ಲ. ಅಧಿಕಾರಿ ಕಲ್ಲನ್ನು ಎತ್ತಿ, ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಕಲ್ಲು ಏನೂ ಹೇಳಲಿಲ್ಲ. ನಾನು ಮಾತ್ರ ಬೆವತುಹೋದೆ.

“ಒಂದು ಕಡೆ ಒಡೆದಿದೆಯಲ್ಲ? ದೊಡ್ಡ ಕಲ್ಲಿಂದ ಬಿದ್ದಿದ್ದಾ?”

“ಇರಬೇಕ್ರಿ,” ಎಂದು ಗಿರಿಜಾ ನನ್ನ ಮುಖ ನೋಡಿದಳು. ನಾನು ವಿಮಾನಗಳ ಬೋರ್ಡು ಓದತೊಡಗಿದೆ.

ಅಮೆರಿಕದಲ್ಲಿ ಇಳಿದ ಮೇಲೂ ಇದೇ ಪೂಜೆ. ಅಲ್ಲಿಯವನಿಗೆ ಕಲ್ಲಿಗೆ ಮಣ್ಣು ಹತ್ತಿದೆಯೇ ಎಂಬ ಚಿಂತೆ. ಗಿರಿಜಾ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿದ್ದಳು. ಅವನು ಮೂಸಿ ನೋಡಿ, ನಮ್ಮ ಮದುವೆಯಲ್ಲೂ ಯಾರೂ ತೋರಿಸದಷ್ಟು ಗೌರವದಿಂದ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಟ್ಟ.

ಒಹಾಯೊ, ಮೊದಲ ಮುಂಜಾನೆ

ಇಷ್ಟು ದೂರ ಹಾರಿ ಬಂದು ಕಣ್ಣು ತೆರೆದರೆ ಎಲ್ಲಿ ನೋಡಿದರಲ್ಲಿ ಗೋವಿನಜೋಳ. ಹುನಗುಂದದ ದಾರಿಯಲ್ಲೇ ಇದ್ದೇವೇನೋ ಅನಿಸಿತು, ಆದರೆ ಹೊಲದಲ್ಲಿ ಒಂದೂ ಆಳು ಇಲ್ಲ, ಬದುವಿನ ಮೇಲೆ ಜಗಳವಾಡುವವರೂ ಇಲ್ಲ.

ನಾವು ಉಳಿದದ್ದು ನೋರಾ ಮನೆಯಲ್ಲಿ. ಅವಳ ಗಂಡ ವಾಲ್ಟರ್ ನನ್ನಂತೆಯೇ ನಿವೃತ್ತ, ನನ್ನಂತೆಯೇ ಬೇಸ್‌ಬಾಲ್ ಅಂಪೈರನಾಗಿ ನಲವತ್ತು ವರ್ಷ ಬೈಸಿಕೊಂಡವನು. ನನ್ನಂತೆಯೇ ಎಂದದ್ದು ಬೈಸಿಕೊಳ್ಳುವ ವಿಷಯಕ್ಕೆ ಮಾತ್ರ. ಸಂಗಪ್ಪ ಎಂಬ ನನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ‘ಸ್ಯಾಂಗ್’ ಮಾಡಿಕೊಂಡ. ಅವರ ಇಂಗ್ಲಿಷು ನನ್ನ ತಲೆಗೆ ಇಳಿಯುವಷ್ಟರಲ್ಲಿ ನಮ್ಮ ಕಡೆಯ ಮಾತಾಗಿ ಬಿಡುತ್ತಿತ್ತು, ಹಾಗಾಗಿ ಇಲ್ಲಿ ಹಾಗೆಯೇ ಬರೆಯುತ್ತೇನೆ. ಅವರು ಕ್ಷಮಿಸಲಿ. ಕ್ಷಮಿಸುತ್ತಾರೆ ಕೂಡ, ಆ ಊರಲ್ಲಿ ಕಾಲು ತುಳಿದವರಿಗಿಂತ ತುಳಿಸಿಕೊಂಡವರೇ ಮೊದಲು ಸಾರಿ ಎನ್ನುತ್ತಾರೆ.

ವಾಲ್ಟರ್ ನನ್ನನ್ನು ಊರಿನ ಕಟಿಂಗ್ ಅಂಗಡಿಗೆ ಕರೆದೊಯ್ದ. ಅದರ ಹಿಂದೆ ಒಂದು ಕೋಣೆ. ಗೋಡೆಯ ತುಂಬ ಹಿತ್ತಾಳೆ ಫಲಕಗಳು, ಒಂದೊಂದರ ಮೇಲೆ ಆ ಊರಿನ ಒಬ್ಬ ಬೇಸ್‌ಬಾಲ್ ಆಟಗಾರನ ಹೆಸರು, ಅವನ ಸಾಧನೆ. ಎಲ್ಲಕ್ಕಿಂತ ಮೇಲೆ ಫಲಕವಿಲ್ಲ, ಒಂದು ಮೊಳೆ ಮಾತ್ರ ಇದೆ.

“ಅದು ಡ್ವೇನಂದು,” ಎಂದ ವಾಲ್ಟರ್.

ಈ ಆಟದಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದರೆ ಅದು ಹೋಮ್ ರನ್. ಹೊಡೆದವನು ನಾಲ್ಕು ಮೂಲೆ ಸುತ್ತಿ, ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಡ್ವೇನ್ ಆ ಸೀಮೆಯಲ್ಲಿ ಯಾರೂ ಹೊಡೆಯದಷ್ಟು ಹೋಮ್ ರನ್ ಹೊಡೆದವನು. ಫಲಕ ಕೆತ್ತಿಸಿ, ಮೊಳೆ ಬಡಿದು, ಹಾರ ತರಿಸಿದ ಮೇಲೆ ಅವನೇ ಬಂದು, ತಾನು ಸ್ಟಿರಾಯ್ಡ್ ತೆಗೆದುಕೊಂಡಿದ್ದೆ ಎಂದು ಒಪ್ಪಿಕೊಂಡ. ಅಂದಿನಿಂದ ಫಲಕ ಕತ್ತರಿ-ಬಾಚಣಿಗೆಗಳ ಡ್ರಾವರಿನಲ್ಲಿದೆ. ಹಾಕಬೇಕೋ ಬೇಡವೋ ಎಂದು ಇಪ್ಪತ್ತು ವರ್ಷದಿಂದ ಜಗಳ ನಡೆದಿದೆ. ಇಡೀ ದೇಶಕ್ಕೇ ಈ ಜಗಳ ಇದೆಯಂತೆ. ಅಲ್ಲಿ ದೊಡ್ಡ ದೊಡ್ಡ ಆಟಗಾರರ ಹೆಸರು ಹಿಡಿದು ಕಾದಾಡುತ್ತಾರೆ, ಇಲ್ಲಿ ಒಂದು ಮೊಳೆ ಹಿಡಿದು.

ಮೊಳೆಯ ಕೆಳಗಿನ ಫಲಕ ಲೆಸ್ಟರ್ ಎಂಬವನದು. ಏನನ್ನೂ ತೆಗೆದುಕೊಳ್ಳದೆ ಆಡಿದವನು, ಡ್ವೇನನ ನಂತರ ಅತಿ ಹೆಚ್ಚು ಹೊಡೆದವನು. ಅವನು ಅಲ್ಲೇ ಗಡ್ಡ ಮಾಡಿಸಿಕೊಳ್ಳುತ್ತ ಕೂತಿದ್ದ. ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ನನ್ನತ್ತ ತಿರುಗಿದ.

“ನೀವ ನೋಡ್ರಿ ಸ್ಯಾಂಗ್. ಒಳಗ ಬಂದಾವ್ರೆಲ್ಲಾ ಆ ಮೊಳಿ ಯಾರದು ಅಂತ ಕೇಳ್ತಾರ. ಅದರ ಬುಡಕ ಇದ್ದ ಫಲಕ ಯಾರದು ಅಂತ ಒಬ್ಬರೂ ಕೇಳಂಗಿಲ್ಲ. ಇಪ್ಪತ್ತು ವರ್ಷದಿಂದ ನಾ ಒಂದು ಮೊಳಿಗೆ ಸೋತೇನಿ.”

ಅವನ ಕಣ್ಣಲ್ಲಿ ನೀರಿತ್ತು. ನೊರೆ ಹೋಗಿರಲಿಕ್ಕೂ ಸಾಕು. ನಾನು ಮಲ್ಲಪ್ಪನ ಎತ್ತುಗಳ ಕಥೆ ಹೇಳಿದೆ, ಟೇಪಿನ ವಿಷಯ ಹೇಳಿದೆ. ಕಟಿಂಗ್ ಮಾಡುವವನೂ ಕತ್ತರಿ ನಿಲ್ಲಿಸಿ ಕೇಳಿದ. ಊರಲ್ಲಿ ಯಾವ ಕಡೆಗೂ ಸೇರದವನು ಒಬ್ಬನೂ ಉಳಿದಿಲ್ಲ, ನೀವು ಹೊರಗಿನವರು, ಅಳೆದು ರೂಢಿಯಿದ್ದವರು, ಶನಿವಾರ ಸಭೆ ಕರೆಯುತ್ತೇವೆ, ಬಂದು ನಾಲ್ಕು ಮಾತು ಹೇಳಬೇಕು ಎಂದರು. ಸಹಾಯಕನಾಗಿ ಬಂದವನಿಗೆ ಒಂದೇ ದಿನದಲ್ಲಿ ಇಷ್ಟು ಬಡ್ತಿ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಭಾನುವಾರದ ಬಯಲು

ಅರವತ್ತು ದಾಟಿದವರ ಒಂದು ಪಂದ್ಯಕ್ಕೆ ವಾಲ್ಟರ್ ಅಂಪೈರ್. ಆಟಗಾರರೆಲ್ಲ ಸೂರ್ಯಕಾಂತಿ ಬೀಜವನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಎಲ್ಲೆಂದರಲ್ಲಿ ಉಗುಳುತ್ತಿದ್ದರು. ಎಲೆಯಡಿಕೆ ಹಾಕಿಕೊಂಡು ಬಸ್ಸಿನ ಕಿಟಕಿಯಿಂದ ಇಣುಕುವ ನಮ್ಮವರನ್ನು ಜನ್ಮವಿಡೀ ಬೈದವನು ನಾನು. ಇಲ್ಲಿ ಅದಕ್ಕೆ ಸಮವಸ್ತ್ರ ಬೇರೆ ಇದೆ.

ಬರಿಗೈಲಿ ಹೋಗಬಾರದೆಂದು ನಮ್ಮ, ಅಂದರೆ ವಾಲ್ಟರನ ಊರಿನ, ತಂಡದವರಿಗೆಲ್ಲ ಒಂದೊಂದು ತುಂಡು ಕರದಂಟು ಹಂಚಿದೆ. ವಾಲ್ಟರನಿಗೆ ದೊಡ್ಡದನ್ನೇ ಕೊಟ್ಟೆ. ಅಲ್ಲೇ ತಪ್ಪಾದದ್ದು. ಕರದಂಟನ್ನು ಚೀಪಿ ತಿನ್ನಬೇಕು, ಅವನು ಕಚಕ್ಕನೆ ಕಚ್ಚಿದ. ಮೇಲಿನ ಹಲ್ಲಿನ ಸೆಟ್ಟು, ಕೆಳಗಿನ ಸೆಟ್ಟು, ನಡುವೆ ಅಮೀನಗಡ. ಆಟ ಶುರುವಾಯಿತು, ಅಂಪೈರನ ಬಾಯಿ ತೆರೆಯಲಿಲ್ಲ. ಔಟಾದವನು ಔಟೆಂದು ಯಾರೂ ಹೇಳದ್ದರಿಂದ ಓಡುತ್ತಲೇ ಇದ್ದ. ವಾಲ್ಟರ್ ಎರಡೂ ಕೈ ಬೀಸಿ, ನೆಲಕ್ಕೆ ಕಾಲು ಒದ್ದು, ಗಂಟಲಲ್ಲಿ ಏನೋ ಸದ್ದು ಮಾಡುತ್ತಿದ್ದ. ಎದುರಿನವರು ಅವನಿಗೆ ಎದೆನೋವೆಂದು ನೀರು ತಂದರು.

ಈ ನಡುವೆ ನಮ್ಮ ತಂಡದ ಒಬ್ಬ ಮುದುಕ, ಹತ್ತು ವರ್ಷದಿಂದ ಬೇಲಿಯ ಹತ್ತಿರಕ್ಕೂ ಚೆಂಡು ಮುಟ್ಟಿಸದವನು, ಬ್ಯಾಟು ಬೀಸಿದ. ಚೆಂಡು ಬೇಲಿ ದಾಟಿ ಗೋವಿನಜೋಳದೊಳಗೆ ಹೋಯಿತು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಅವನೇ. ಓಡುವುದನ್ನು ಮರೆತು ನಿಂತುಬಿಟ್ಟ.

ಎದುರು ತಂಡದ ನಾಯಕ ನೇರ ನನ್ನ ಹತ್ತಿರ ಬಂದ. ಅವನು ಮೊದಲು ಔಷಧದ ಅಂಗಡಿ ನಡೆಸುತ್ತಿದ್ದವನಂತೆ.

“ಅವರಿಗೆ ಏನ ತಿನಿಸಿದ್ರಿ?”

“ಸಿಹಿ ತಿನಿಸು.”

“ಅದರಾಗ ಏನೇನೈತಿ?”

ಡಬ್ಬಿಯ ಮೇಲಿನ ಅಕ್ಷರಗಳು ಕನ್ನಡದಲ್ಲಿದ್ದವು. ನಾನು ಫೋನಿನಲ್ಲಿ ಒಂದೊಂದೇ ಹುಡುಕಿ ಇಂಗ್ಲಿಷಿಗೆ ತಿರುಗಿಸಿ, ಶಾಲೆಯಲ್ಲಿ ಹಾಜರಿ ಕರೆದಂತೆ ಗಟ್ಟಿಯಾಗಿ ಓದಿದೆ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ. ಎಲ್ಲಕ್ಕೂ ತಲೆಯಾಡಿಸಿದ. ಗಸಗಸೆ ಬಂತು. ಗಸಗಸೆ ಬರುವುದು ಅಫೀಮಿನ ಗಿಡದಿಂದ ಎಂದು ಫೋನೇ ಹೇಳಿತು, ನಾನೂ ಹೇಳಿಬಿಟ್ಟೆ. ಅಷ್ಟೇ ಸಾಕಾಯಿತು. ಆಟ ನಿಂತಿತು. ಫಲಿತಾಂಶವನ್ನು ತಡೆಹಿಡಿಯಬೇಕೆಂದು ಅವರು ಬರೆದುಕೊಟ್ಟರು. ಉಳಿದ ಡಬ್ಬಿಯನ್ನು ಸಾಕ್ಷಿಗೆಂದು ತೆಗೆದುಕೊಂಡು ಹೋದರು. ಸಾಕ್ಷಿ ಸಂಜೆಯೊಳಗೆ ಖಾಲಿಯಾಯಿತೆಂದು ಆಮೇಲೆ ತಿಳಿಯಿತು.

ಮನೆಗೆ ಬಂದು ಹೇಳಿದರೆ ಗಿರಿಜಾ ನಕ್ಕು ನಕ್ಕು ಮಗ್ಗದ ಮೇಲೆ ಬಿದ್ದಳು.

“ಬಾಣಂತಿಗೆ ಕೊಡೂ ಕರದಂಟ್ರಿ ಅದು. ಹಂಗಾರ ನಾ ಎರಡ ಸಲ ಮೋಸದಿಂದ ಎದ್ದು ಕುಂತಂಗಾತು.”

ತಿನಿಸು ಎಲ್ಲಿ ಮುಗಿಯುತ್ತದೆ, ಮದ್ದು ಎಲ್ಲಿ ಶುರುವಾಗುತ್ತದೆ? ಮಲ್ಲಪ್ಪನಿಗೆ ಹೇಳಲಾಗದ ಉತ್ತರ ನನಗೆ ಅವತ್ತು ಮಂಚದ ಮೇಲೆ ಮಲಗಿದಾಗ ಸಿಕ್ಕಿತು. ಮುಚ್ಚಿಡಬೇಕಾಗಿ ಬಂದದ್ದೇ ಮದ್ದು. ಕರದಂಟನ್ನು ನಾನು ಎಲ್ಲರ ಮುಂದೆ ಹಂಚಿದೆ. ಸೂಜಿಯನ್ನು ಮಲ್ಲಪ್ಪ ಗೋದಲಿಯ ಮರೆಯಲ್ಲಿ ಹಾಕಿಸಿದ. ನನ್ನ ಬುದ್ಧಿಗೆ ನಾನೇ ಖುಷಿಪಟ್ಟು ಆ ಕಡೆ ಹೊರಳಿದರೆ, ಮೂಲೆಯಲ್ಲಿ ಮಗ್ಗದ ಹಗ್ಗಕ್ಕೆ ಕಟ್ಟಿದ ಕಲ್ಲು ನನ್ನನ್ನೇ ನೋಡುತ್ತ ತೂಗುತ್ತಿತ್ತು. ನಾನು ಮತ್ತೆ ಈ ಕಡೆ ಹೊರಳಿದೆ.

ಮೇಳದ ಅಂಗಳ

ಮೇಳದಲ್ಲಿ ಗಿರಿಜಾಳ ಸುತ್ತ ಜನವೋ ಜನ. ಇಳಕಲ್ ಸೀರೆಯ ಮೈಯೇ ಬೇರೆ, ಸೆರಗೇ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಅವಳು ಅದನ್ನು ಮಾಡುವಾಗ ಅಮೆರಿಕದವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ನೂಲಿನ ಉಂಡೆ ಹಿಡಿದುಕೊಂಡು ಕಾಗದದಲ್ಲಿ ಬರೆದಂತೆಯೇ ಸಹಾಯ ಮಾಡುತ್ತಿದ್ದೆ.

ಒಂದು ದಿನ ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ ಬಂದು ಒಂದು ತಾಸು ಸುಮ್ಮನೆ ಕೂತ. ಶಾಲೆಯ ಬಸ್ಸು ಓಡಿಸುವವನ ಅಂಗಿ ಹಾಕಿದ್ದ. ಅವನೇ ಡ್ವೇನ್ ಎಂದು ನೋರಾ ಕಿವಿಯಲ್ಲಿ ಹೇಳಿದಳು. ಏಳುವಾಗ ಅವನು ತೂಗುವ ಕಲ್ಲನ್ನು ಬೆರಳಿಂದ ಮುಟ್ಟಿದ.

“ಇದು ಎಲ್ಲೀದು?”

“ಏನಿಲ್ಲ, ಬರೇ ಕಲ್ಲು,” ಎಂದೆ.

ಏನು ಕೇಳಿದ, ನೀವು ಏನು ಹೇಳಿದಿರಿ ಎಂದು ಗಿರಿಜಾ ವಿಚಾರಿಸಿದಳು. ಹೇಳಿದೆ. ಅವಳು ಲಾಳಿ ನಿಲ್ಲಿಸಿ ನನ್ನನ್ನು ಒಂದು ಗಳಿಗೆ ನೋಡಿದಳು, ಮತ್ತೆ ನೇಯತೊಡಗಿದಳು.

ಶನಿವಾರ, ಮೊಳೆಯ ಕೋಣೆ

ಮಧ್ಯಾಹ್ನ ಕಟಿಂಗ್ ಅಂಗಡಿಯ ಹಿಂದಿನ ಕೋಣೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಲೆಸ್ಟರ್, ಹಿಂದಿನ ಗೋಡೆಗೆ ಒರಗಿ ಡ್ವೇನ್. ಗಿರಿಜಾ ತನ್ನ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋರಾಳ ಪಕ್ಕ ಕೂತಿದ್ದಳು. ವಾಲ್ಟರ್ ಈ ಸಲ ಬಾಯಿಗೆ ಏನೂ ಹಾಕಿಕೊಳ್ಳದೆ ನನ್ನನ್ನು ಪರಿಚಯಿಸಿದ.

ನಾನು ಚೆನ್ನಾಗಿಯೇ ಮಾತಾಡಿದೆ. ನನ್ನ ಹರಕು ಇಂಗ್ಲಿಷು ಅವತ್ತು ಎಲ್ಲಿಂದಲೋ ಹೊಲಿಗೆ ಹಾಕಿಸಿಕೊಂಡು ಬಂದಿತ್ತು. ಗೋಡೆಯೆಂದರೆ ನಂಬಿಕೆ, ಮುಚ್ಚಿಟ್ಟು ಗೆದ್ದವನಿಗೆ ಗೋಡೆಯ ಮೇಲೆ ಜಾಗವಿಲ್ಲ, ಮೊಳೆ ಕಿತ್ತು ಬಿಸಾಡಿ ಎಂದೆ. ನನ್ನ ಊರಿನ ಗೋಡೆಯ ಮೇಲೂ ನನ್ನ ಹೆಸರಿದೆ, ಅದರ ಪಕ್ಕದಲ್ಲಿ ಸ್ವಂತ ಹೆಂಡತಿಯ ತಮ್ಮನ ಹೆಸರನ್ನೂ ಬರೆಯಲು ಬಿಡುವುದಿಲ್ಲ ಎಂದೆ. ಚಪ್ಪಾಳೆ ಬಿತ್ತು. ಲೆಸ್ಟರ್ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. ಡ್ವೇನ್ ತಲೆ ತಗ್ಗಿಸಿದ. ಮೂವತ್ತೊಂದು ವರ್ಷದ ಸೇವೆಯಲ್ಲಿ ನನಗೆ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

“ಏನಂದ್ರಿ ಅವರಿಗೆ?” ಎಂದು ಗಿರಿಜಾ ಕೂತಲ್ಲಿಂದಲೇ ಕೇಳಿದಳು.

ಹೇಳಿದೆ.

ಅವಳು ಎದ್ದು ಬಂದಳು. ಕೈಚೀಲದಿಂದ ಕಲ್ಲನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಸದ್ದಿಗೆ ಎಲ್ಲರೂ ನೆಟ್ಟಗೆ ಕೂತರು.

“ನಾ ಹೇಳ್ತೇನಿ. ನೀವು ಅವರ ಭಾಷಾದಾಗ ಹೇಳ್ರಿ.”

“ಈಗ್ಯಾಕ ಗಿರಿಜಾ, ಮನಿಗೆ ಹೋಗಿ…”

“ಹೇಳ್ರಿ.”

ಆ ಕೋಣೆಯಲ್ಲಿ ಕನ್ನಡ, ಇಂಗ್ಲಿಷು ಎರಡೂ ಬರುವವನು ನಾನೊಬ್ಬನೇ. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

“ಇದು ನಮ್ಮ ಗುಡಿ ಮುಂದಿನ ಸಂಗ್ರಾಣಿ ಕಲ್ಲಿನ ತುಂಡು,” ಎಂದಳು.

“ಇದು ನಮ್ಮ ಗುಡಿಯ ಮುಂದೆ ಸಿಕ್ಕ ಒಂದು ಹಳೆಯ ಕಲ್ಲು,” ಎಂದು ತಿರುಗಿಸಿದೆ.

“ಪಂದ್ಯದ ಹಿಂದಿನ ದಿವಸ ಇವರು ಕದ್ದು ರೂಢಿ ಮಾಡಾಕ ಹೋಗಿ, ಎತ್ತಿ ಕೆಡವಿ, ಕಲ್ಲ ಒಡದು ಈ ತುಂಡ ಹಾರಿತ್ತು. ಇದನ್ನ ಟವೆಲ್‌ನ್ಯಾಗ ಸುತ್ತಿ ಮನಿಗೆ ತಂದು ಮುಚ್ಚಿಟ್ರು. ಕಲ್ಲಿನ ಒಡದ ಬಾಜೂಕ ಎಣ್ಣಿ ಮಸಿ ಬಳದು, ಉಸುಕಿನ್ಯಾಗ ಕೆಳಗ ಮಾಡಿ ಇಟ್ಟು ಬಂದ್ರು. ಮರುದಿನ ಹಗುರಾದ ಕಲ್ಲ ಎತ್ತಿ ಗ್ವಾಡಿ ಮ್ಯಾಲ ಹೆಸರ ಬರಿಸಿಕೊಂಡ್ರು.”

“ನನ್ನ ಹೆಂಡತಿ ನಿಮಗೆಲ್ಲ ಶುಭಾಶಯ ಹೇಳುತ್ತಿದ್ದಾಳೆ,” ಎಂದೆ.

ಗಿರಿಜಾ ಸಭೆಯ ಮುಖಗಳನ್ನೂ ನನ್ನ ಮುಖವನ್ನೂ ನೋಡಿದಳು.

“ನಾ ಅಷ್ಟುದ್ದ ಹೇಳಿದ್ರ ನೀವು ಇಷ್ಟರಾಗ ಮುಗಿಸಿದ್ರಿ. ಯಾರ ಮಾರಿ ಮ್ಯಾಲೂ ಏನೂ ಆಗಿಲ್ಲ. ಪೂರಾ ಹೇಳ್ರಿ.”

ಹೇಳಿದೆ. ಮೊದಲಿಂದ ಹೇಳಿದೆ. ಟವೆಲಿನ ಬಣ್ಣವನ್ನೂ ಹೇಳಿದೆ. ನನ್ನ ಮೋಸವನ್ನು ನಾನೇ, ನನ್ನದೇ ಹರಕು ಇಂಗ್ಲಿಷಿನಲ್ಲಿ, ಅದಕ್ಕೆ ಸರಿಯಾದ ಕ್ರಿಯಾಪದ ಹುಡುಕುತ್ತ ಹೇಳಿದೆ. ‘ಒಡೆದು ಹೋಯಿತು’ ಎಂದೆ. ವಾಲ್ಟರ್, ಅಂಪೈರನಲ್ಲವೇ, ‘ಹೋಯಿತೋ, ಒಡೆದಿರೋ?’ ಎಂದು ಕೇಳಿದ. ಒಡೆದೆ ಎಂದು ತಿದ್ದಿಕೊಂಡೆ. ಅವತ್ತಿನಷ್ಟು ನಾಚಿಕೆ ನನಗೆ ಬದುಕಿನಲ್ಲಿ ಆಗಿಲ್ಲ.

ಆಮೇಲೆ ಹಿಂದಿನ ಗೋಡೆಯಿಂದ ಒಂದು ನಗೆ ಬಂತು. ಡ್ವೇನ್ ನಗುತ್ತಿದ್ದ, ಕಣ್ಣಿಂದ ನೀರು ಸುರಿಯುವಂತೆ. ಅವನನ್ನು ನೋಡಿ ಕಟಿಂಗ್ ಮಾಡುವವನು ನಕ್ಕ, ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಲೆಸ್ಟರ್ ಮಾತ್ರ ನನ್ನ ಕೈಯನ್ನು ಮೆಲ್ಲಗೆ ಬಿಟ್ಟು ಹೋಗಿ ಕೂತ. ಯಾರೋ ತಕ್ಕಡಿ ತಂದರು. ಕಲ್ಲು ನಾಲ್ಕು ಕಿಲೋಕ್ಕೆ ಸ್ವಲ್ಪ ಕಡಿಮೆ ತೂಗಿತು.

“ಹಂಗಾರ ನಮ್ಮ ಮೊಳಿಗೆ ಏನ ಮಾಡೂದು? ಆಕಿನ್ನ ಕೇಳ್ರಿ,” ಎಂದ ಲೆಸ್ಟರ್. ನನ್ನನ್ನು ಯಾರೂ ಕೇಳಲಿಲ್ಲ.

“ಕೊಂಡಿ ಹಾಕೂದ ನೋಡಿದ್ರಲ್ಲ,” ಎಂದಳು ಗಿರಿಜಾ. “ಅದನ್ನ ನಾವು ಮುಚ್ಚಂಗಿಲ್ಲ. ಎಲ್ಲಿ ಮೈ ಮುಗೀತು, ಎಲ್ಲಿ ಸೆರಗು ಹತ್ತಿತು, ನೋಡಿದವರಿಗೆ ಕಾಣಬೇಕು. ಹೆಸರ ಬರೀರಿ, ಮಗ್ಗಲಕ ಏನ ತಗೊಂಡು ಹೊಡದ ಅದನ್ನೂ ಬರೀರಿ. ಏನೂ ತಗೊಳ್ಳದ ಹೊಡದಾಂವಗ ಅದನ್ನೂ ಬರೀರಿ.”

ಇದನ್ನು ಒಂದಕ್ಷರ ಬಿಡದೆ ತಿರುಗಿಸಿದೆ. ಡ್ವೇನ್ ಆಗಲಿ ಎಂದ. ಲೆಸ್ಟರ್, ಸ್ಟಿರಾಯ್ಡ್ ಎಂಬ ಅಕ್ಷರ ಹೆಸರಿನಷ್ಟೇ ದೊಡ್ಡದಾಗಿದ್ದರೆ ಒಪ್ಪುತ್ತೇನೆ ಎಂದ. ಡ್ವೇನನ ಕಡೆಯವರು ಅರ್ಧ ಗಾತ್ರ ಸಾಕೆಂದರು. ಹೊಸ ಜಗಳ ಶುರುವಾಯಿತು. ನಾವು ಆ ಊರು ಬಿಟ್ಟ ದಿನ ಫಲಕ ಡ್ರಾವರಿನಿಂದ ಹೊರಬಂದು ಮೊಳೆಗೆ ತೂಗುತ್ತಿತ್ತು, ಮುಖ ಗೋಡೆಯ ಕಡೆಗೆ. ಅಕ್ಷರದ ಗಾತ್ರ ತೀರ್ಮಾನವಾಗುವ ತನಕ ಹಾಗೇ ಇರಲಿ ಎಂದಾಗಿತ್ತು. ಅದರ ಕೆಳಗಿನ ಫಲಕಕ್ಕೆ ಲೆಸ್ಟರ್ ಅವತ್ತೇ ಹೊಸ ಸಾಲು ಕೆತ್ತಿಸಿದ್ದ: ಏನೂ ತೆಗೆದುಕೊಂಡಿಲ್ಲ.

ವಿಮಾನದಲ್ಲಿ

ಹೊರಟು ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕೇಳಿದೆ.

“ನಿನಗ ಯಾವಾಗ ಗೊತ್ತಾತು?”

“ಮದುವಿಯಾದ ವರ್ಷನ. ಜ್ವಾಳದ ಚೀಲದ ಹಿಂದ ಟವೆಲ್‌ನ್ಯಾಗ ಸಿಕ್ತು. ಗುಡಿ ನೆಲಾ ಹೊಸದು ಹಾಕುವಾಗ ದೊಡ್ಡ ಕಲ್ಲ ಹೊಳ್ಳಿಸಿದ್ರಲ್ಲ, ಇದನ್ನ ಒಯ್ದು ಹಚ್ಚಿ ನೋಡಿದೆ. ಕೂಡ್ತು. ಪಂದ್ಯದ ಹಿಂದಿನ ದಿವಸ ನೀವು ಟವೆಲ್‌ನ್ಯಾಗ ಏನೋ ಸುತ್ತಿ ತಂದದ್ದನ್ನ ನಿಮ್ಮವ್ವ ಹೇಳಿದ್ರು, ಉಳದದ್ದು ನಾನ ಕೂಡಿಸಿದೆ.”

“ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?”

“ನೀವ ಹೇಳ್ತೀರಂತ ಮಾಡಿದ್ದೆ. ದಿನಾ ಕಣ್ಣ ಮುಂದ ತೂಗಬಿಟ್ರ ಎಂದಾರ ಒಂದಿನ ಹೇಳ್ತೀರಂತ.”

ಅವಳು ಕಿಟಕಿಯಿಂದ ಮೋಡ ನೋಡುತ್ತ ಮುಂದುವರಿಸಿದಳು.

“ಖರೆ ಹೇಳ್ರಿ. ನಮ್ಮಪ್ಪ ನನ್ನ ಕೊಟ್ಟಿದ್ದು ಆ ಕಲ್ಲ ಎತ್ತಿದ್ದಕ್ಕ. ಈಗ ನಿಮ್ಮ ಹೆಸರ ಅಳಿಸಿದ್ರ ನಾನೂ ಕೆರೂರಿಗೆ ವಾಪಸ್ ಹೋಗಬೇಕೇನ್ರಿ?”

“ನಾಲ್ಕ ಕಿಲೋ ಕಡಿಮಿ ಐತಿ ಅಷ್ಟ,” ಎಂದೆ. “ಉಳದ ಕಲ್ಲ ನಾನ ಎತ್ತೇನಿ.”

“ಅದಕ್ಕ ಇದ್ದೇನಿ,” ಎಂದಳು.

ಮತ್ತೆ ಕಮತಗಿ

ಹಿರಿಯರ ಮುಂದೆ ಕಲ್ಲಿನ ತುಂಡು ಇಟ್ಟು ಎಲ್ಲ ಹೇಳಿದೆ. ಎರಡನೆಯ ಸಲವಾದ್ದರಿಂದ ಕ್ರಿಯಾಪದಗಳು ಬೇಗ ಸಿಕ್ಕಿದವು. ಆದರೆ ಒಂದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ನಂತರ ಆ ಕಲ್ಲನ್ನು ಏಳು ಮಂದಿ ಎತ್ತಿದ್ದರು. ಏಳೂ ಜನ ಪಾಪ, ಗೊತ್ತಿಲ್ಲದೆ, ಹಗುರಾದ ಕಲ್ಲನ್ನೇ ಎತ್ತಿದ್ದರು. ಅವರು ಹೆಂಡತಿ ಮಕ್ಕಳ ಸಮೇತ ನಮ್ಮ ಅಂಗಳಕ್ಕೆ ಬಂದರು. ಗುಡಿಗೆ ನಡೆಯಿರಿ, ತುಂಡನ್ನು ದೊಡ್ಡ ಕಲ್ಲಿಗೆ ಹಗ್ಗದಿಂದ ಕಟ್ಟಿ ಈಗಲೇ ಎತ್ತಿ ತೋರಿಸುತ್ತೇವೆ ಎಂದರು. ಅತಿ ಸಣ್ಣವನಿಗೆ ನಲವತ್ತೆಂಟು. ಇಬ್ಬರಿಗೆ ಸೊಂಟ ಹಿಡಿಯಿತು, ಒಬ್ಬನ ಪಂಚೆ ಬಿಚ್ಚಿತು. ಕಲ್ಲು ಕದಲಲಿಲ್ಲ. ಸೊಂಟಕ್ಕೆ ಎಣ್ಣೆ ತಿಕ್ಕುವ ಕೆಲಸ ಮೂರು ದಿನ ನನಗೇ ಬಿತ್ತು.

ಮಲ್ಲಪ್ಪನ ಸಂತೋಷ ಹೇಳತೀರದು. “ಮಾಮಾ, ನಾವಿಬ್ಬರೂ ಒಂದ ಗ್ವಾಡಿ ಆದ್ವಲ್ರಿ,” ಎಂದ.

“ಸುಮ್ಮ ಕುಂದ್ರಲೇ,” ಎಂದಳು ಅಕ್ಕ.

ತೀರ್ಪು ಹೇಳಿದೆ. ಎತ್ತುಗಳ ಹೆಸರು ದೊಡ್ಡದಾಗಿ ಬರೆಯಬೇಕು, ಅವು ಯಾರನ್ನೂ ಮೋಸ ಮಾಡಿಲ್ಲ. ಅದರ ಕೆಳಗೆ ‘ಸೂಜಿ ಹಾಕಿಸಿದವ: ಮಲ್ಲಪ್ಪ’ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮಲ್ಲಪ್ಪನ ಸಂತೋಷ ಇಳಿಯಿತು. ನನ್ನ ಹೆಸರಿನ ಮುಂದೆ ‘ಕಲ್ಲು ಒಡೆದವ’ ಎಂದೂ, ಏಳು ಜನರ ಮುಂದೆ ‘ಇವರಿಗೆ ಗೊತ್ತಿರಲಿಲ್ಲ’ ಎಂದೂ ಬರೆಸಿದೆ. ಒಹಾಯೊದವರಂತೆ ಗಾತ್ರಕ್ಕೆ ಜಗಳ ಆಗಬಾರದೆಂದು ಟೇಪು ಹಿಡಿದು ನಾನೇ ಅಕ್ಷರ ಅಳೆದೆ. ತುಂಡನ್ನು ನನ್ನ ಹೆಸರಿನ ಕೆಳಗೆ ಗೋಡೆಯಲ್ಲಿ ಸಿಮೆಂಟು ಹಾಕಿ ಕೂರಿಸಿದರು. ಈಗ ಗುಡಿಗೆ ಬಂದವರೆಲ್ಲ ಅದನ್ನು ಮುಟ್ಟಿ ನೋಡುತ್ತಾರೆ. ನನ್ನ ಹೆಸರನ್ನು ಇಷ್ಟು ಜನ ಹಿಂದೆಂದೂ ಓದಿರಲಿಲ್ಲ.

ಅವತ್ತು ಮನೆಗೆ ಬಂದರೆ ಗಿರಿಜಾ ಮಗ್ಗದ ಮುಂದೆ ಕೈಕಟ್ಟಿ ಕೂತಿದ್ದಳು. ಹಗ್ಗದ ತುದಿ ಖಾಲಿ ತೂಗುತ್ತಿತ್ತು, ಹಾಸು ಸಡಿಲಾಗಿ ಜೋತುಬಿದ್ದಿತ್ತು.

“ಬ್ಯಾರೆ ಕಲ್ಲ ತರ್ತೇನಿ ತಡಿ,” ಎಂದೆ.

“ಕಲ್ಲ ಬ್ಯಾಡ. ಕುಂದರ್ರಿ ಇಲ್ಲೆ.” ಹಗ್ಗವನ್ನು ನನ್ನ ಕೈಗೆ ಕೊಟ್ಟಳು. “ಬಿಗಿ ಹಿಡೀರಿ. ನೀವು ಎಷ್ಟ ಭಾರ ಅದೀರಂತ ನನಗ ಈಗ ಗೊತ್ತೈತಿ.”

ಅಂದಿನಿಂದ ದಿನಾ ಮಧ್ಯಾಹ್ನ ಎರಡು ತಾಸು ನಾನು ಅಲ್ಲಿ ಕೂರುತ್ತೇನೆ. ಅವಳು ನೇಯುತ್ತಾಳೆ, ನಾನು ಹಗ್ಗ ಹಿಡಿಯುತ್ತೇನೆ. ಯಾರಾದರೂ ಬಂದು ಏನು ಮಾಡುತ್ತಿದ್ದೀರಿ ಮಾಸ್ತರೇ ಎಂದು ಕೇಳಿದರೆ, ಸಹಾಯಕ ಎನ್ನುತ್ತೇನೆ. ಅಮೆರಿಕದಿಂದ ಬಂದ ಆ ಕಾಗದವನ್ನೂ ತೋರಿಸುತ್ತೇನೆ.